ಬಂದೂಕಿನ ಮೇಲಿನ ಹೂಬಳ್ಳಿ: ಪ್ಯಾರಿಸ್‌ನ ಡಿಸೈನ್ ಪುಸ್ತಕಗಳ ಕಥೆ

ಇವತ್ತಿನ ಎಪಿಸೋಡ್ ಬಂದೂಕಿನ ಬಗ್ಗೆ. ಗಾಬರಿ ಬೇಡ, ಗುಂಡು ಹಾರೋದಿಲ್ಲ. ನಾನು ಮಾತಾಡೋಕೆ ಹೊರಟಿರೋದು ಬಂದೂಕಿನ ಮೇಲೆ ಕೆತ್ತಿದ ಹೂವು, ಬಳ್ಳಿ, ಹಾವು, ನಾಯಿ, ದೇವತೆಗಳ ಬಗ್ಗೆ. ಅದರಲ್ಲೂ ಆ ಚಿತ್ತಾರಗಳನ್ನ ಅಚ್ಚು ಹಾಕಿ ಮಾರುತ್ತಿದ್ದ ಡಿಸೈನ್ ಪುಸ್ತಕಗಳ ಬಗ್ಗೆ. ಜಾಗ ಪ್ಯಾರಿಸ್, ಕಾಲ ಸುಮಾರು 1630ರಿಂದ 1800ರವರೆಗೆ.

ಡಿಸೈನ್ ಪುಸ್ತಕ ಅಂದ್ರೆ ನಮಗೆ ಹೊಸದೇನಲ್ಲ. ಬಸ್ ಸ್ಟ್ಯಾಂಡ್ ಅಂಗಡಿಗಳಲ್ಲಿ ರಂಗೋಲಿ ಪುಸ್ತಕ ನೇತು ಹಾಕಿರ್ತಾರಲ್ಲ, ಹದಿನೈದು ಚುಕ್ಕಿ, ಎಂಟು ಸಾಲು ಅಂತ? ಮದುವೆ ಸೀಸನ್‌ನಲ್ಲಿ ಮೆಹಂದಿ ಹಾಕೋರು ಮುಂದೆ ಇಡ್ತಾರಲ್ಲ, ಲ್ಯಾಮಿನೇಟ್ ಮಾಡಿದ ಒಂದು ಆಲ್ಬಮ್? "ಅಕ್ಕ, ಇದು ಬೇಕಾ, ಇದು ಬೇಕಾ?" ಅಂತ ಪುಟ ತಿರುವುತ್ತಾರಲ್ಲ, ಅದೇ. ಪ್ಯಾರಿಸ್‌ನ ಬಂದೂಕು ಅಂಗಡಿಯಲ್ಲೂ 350 ವರ್ಷದ ಹಿಂದೆ ಇಂಥದ್ದೇ ಪುಸ್ತಕ ಇತ್ತು. ಕೊಳ್ಳೋಕೆ ಬರೋರು ಮಾತ್ರ ರಾಜರು, ಡ್ಯೂಕ್‌ಗಳು, ದುಡ್ಡಿರೋ ಸರದಾರರು.

ನಾನು ಓದಿದ್ದು ಬಿಕಾಂ. ಕಲೆಯ ಇತಿಹಾಸ ಓದಿದವರ ಹಾಗೆ "ಆಹಾ, ಎಂಥ ರೇಖೆ" ಅಂತ ಹತ್ತು ನಿಮಿಷ ಹೇಳೋಕೆ ನನಗೆ ಬರಲ್ಲ. ನನಗೆ ಮೊದಲು ಹೊಳೆಯೋದು ಲೆಕ್ಕದ ಪ್ರಶ್ನೆ. ಒಬ್ಬ ಬಂದೂಕು ಮಾಡೋನು ತನ್ನ ಹೊಸ ಡಿಸೈನ್‌ಗಳನ್ನೆಲ್ಲ ಅಚ್ಚು ಹಾಕಿಸಿ, ಪಕ್ಕದ ಬೀದಿಯ ಪ್ರತಿಸ್ಪರ್ಧಿಯೂ ಕೊಳ್ಳಬಹುದಾದ ಪುಸ್ತಕ ಮಾಡಿ ಯಾಕೆ ಮಾರಬೇಕು? ಇದು ಹುಚ್ಚಾ, ಅಥವಾ ಪಕ್ಕಾ ವ್ಯಾಪಾರಾನಾ?

ಈ ಪ್ರಶ್ನೆ ನನ್ನ ತಲೆಗೆ ಹತ್ತಿದ್ದಕ್ಕೆ ಒಂದು ಕಾರಣ ಇದೆ. ನನ್ನ ಗೆಳತಿ ಒಬ್ಬಳು ಹಿತ್ತಾಳೆ ತಗಡಿನಲ್ಲಿ ಕಿವಿಯೋಲೆ ಡಿಸೈನ್ ಮಾಡ್ತಾಳೆ. ಲೇಸರ್ ಕಟ್ಟಿಂಗ್ ಮಾಡಿಸಿ ಇನ್‌ಸ್ಟಾಗ್ರಾಂನಲ್ಲಿ ಮಾರ್ತಾಳೆ. ಹೋದ ವರ್ಷ ಅವಳದ್ದೇ ಡಿಸೈನ್, ಅದೇ ಎಲೆ, ಅದೇ ತಿರುವು, ಒಂದು ಹೋಲ್‌ಸೇಲ್ ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ಸಿಕ್ತು. ಅವಳ ರೇಟಿನ ಕಾಲು ಭಾಗಕ್ಕೆ. ಕೇಳೋಕೆ ಹೋದರೆ "ಡಿಸೈನ್ ಯಾರಪ್ಪಂದು ಮೇಡಂ, ಎಲ್ಲ ಗೂಗಲ್‌ನಲ್ಲಿ ಇರುತ್ತೆ" ಅಂದ್ರಂತೆ. ಅವತ್ತಿಂದ ಅವಳು ಹೊಸ ಡಿಸೈನ್ ಪೋಸ್ಟ್ ಮಾಡೋದೇ ನಿಲ್ಲಿಸಿದ್ದಾಳೆ. ಪೋಸ್ಟ್ ಮಾಡದೆ ಆರ್ಡರ್ ಬರಲ್ಲ. ಮಾಡಿದರೆ ಕದೀತಾರೆ. ಆ ಪ್ಯಾರಿಸ್‌ನವರು ಇದನ್ನ ಹೇಗೆ ನಿಭಾಯಿಸಿದ್ರು ಅಂತ ಹುಡುಕ್ತಾ ಹೋದೆ.

ಮೊದಲು ಸ್ವಲ್ಪ ಯಂತ್ರದ ವಿಷಯ, ಬೇಗ ಮುಗಿಸ್ತೀನಿ. ಆ ಕಾಲದ ಬಂದೂಕಿಗೆ ಪಕ್ಕದಲ್ಲಿ ಅಂಗೈ ಉದ್ದದ ಒಂದು ಉಕ್ಕಿನ ತಟ್ಟೆ ಇರುತ್ತೆ, ಲಾಕ್ ಪ್ಲೇಟ್ ಅಂತ. ಅದರ ಮೇಲೆ ಚಕಮಕಿ ಕಲ್ಲು ಕಚ್ಚಿಕೊಂಡ ಒಂದು ಕೊಕ್ಕೆ. ಟ್ರಿಗರ್ ಎಳೆದ್ರೆ ಆ ಕೊಕ್ಕೆ ಮುಂದಕ್ಕೆ ಬಂದು ಉಕ್ಕಿನ ಬಿಲ್ಲೆಗೆ ಬಡಿಯುತ್ತೆ, ಕಿಡಿ ಹಾರುತ್ತೆ, ಕೆಳಗಿರೋ ಬಟ್ಟಲಿನ ಮದ್ದಿಗೆ ಬೆಂಕಿ ಹತ್ತುತ್ತೆ, ಒಂದು ಸಣ್ಣ ತೂತಿನಿಂದ ಆ ಬೆಂಕಿ ನಳಿಗೆಯೊಳಗೆ ಹೋಗುತ್ತೆ. ಇದನ್ನ ಫ್ಲಿಂಟ್‌ಲಾಕ್ ಅಂತಾರೆ. ಅದರ ಫ್ರೆಂಚ್ ರೂಪವನ್ನ ಮೊದಲು ಮಾಡಿದ್ದು ನಾರ್ಮಂಡಿಯ ಲಿಸಿಯೂ ಊರಿನ ಮಾರಾಂ ಲ ಬೂರ್ಜ್ವಾ ಅಂತ ಸಾಮಾನ್ಯವಾಗಿ ಹೇಳ್ತಾರೆ, 1610ರ ಆಸುಪಾಸಿನಲ್ಲಿ. ಈ ಮನುಷ್ಯ ಬರೀ ಬಂದೂಕು ಮಾಡೋನಲ್ಲ, ಚಿತ್ರಕಾರನೂ ಹೌದು. ಅಂದ್ರೆ ಈ ಬಂದೂಕಿನ ಮೊದಲ ದಿನದಿಂದಲೇ ಯಂತ್ರ ಮತ್ತು ಚಿತ್ತಾರ ಒಂದೇ ಕೈಯಲ್ಲಿ ಇದ್ದವು.

ಆಗ ಸಿಂಹಾಸನಕ್ಕೆ ಬಂದವನು ಹದಿಮೂರನೇ ಲೂಯಿ, ಇನ್ನೂ ಹುಡುಗ. ಅವನಿಗೆ ಬಂದೂಕಿನ ಹುಚ್ಚು. ನಮ್ಮಲ್ಲಿ ಕೆಲವರು ಸ್ನೀಕರ್ಸ್ ಕೂಡಿಡ್ತಾರಲ್ಲ, ಹಾಗೆ ಬಂದೂಕು ಕೂಡಿಟ್ಟ. ಆ ಸಂಗ್ರಹಕ್ಕೆ ಮುಂದೆ 1673ರಲ್ಲಿ ಸ್ಟಾಕ್ ರಿಜಿಸ್ಟರ್ ಮಾಡಿದ್ರು, ಒಂದೊಂದು ಬಂದೂಕಿನ ಮರದ ಮೇಲೂ ಅದರ ನಂಬರ್ ಒತ್ತಿದ್ರು. ಇವತ್ತು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಅದರಲ್ಲಿ ಒಂದಿದೆ, ನಂಬರ್ 134. ಸಂಗ್ರಹ ಚದುರಿ ಶತಮಾನಗಳೇ ಆದ್ರೂ ಆ ನಂಬರ್‌ನಿಂದ ಬಂದೂಕಿನ ಗುರುತು ಹಿಡೀತಾರೆ. ಇನ್ವೆಂಟರಿ ಸರಿಯಾಗಿ ಮಾಡಿ ಅಂತ ನಮ್ಮ ಅಕೌಂಟ್ಸ್ ಲೆಕ್ಚರರ್ ಬಡ್ಕೊಂಡಿದ್ದು ಸುಮ್ನೆ ಅಲ್ಲ.

ಈಗ ಪುಸ್ತಕಕ್ಕೆ ಬರೋಣ.

1657ರಲ್ಲಿ ಫ್ರಾನ್ಸ್ವಾ ಮಾರ್ಕೂ ಅನ್ನೋ ಪ್ಯಾರಿಸ್‌ನ ಬಂದೂಕು ಮೇಸ್ತ್ರಿ ತನ್ನ ಡಿಸೈನ್‌ಗಳ ಪುಸ್ತಕ ತಂದ. ಸುಮಾರು 1660ಕ್ಕೆ ಇನ್ನೊಂದು ಬಂತು, ಅದೇ ಈ ಜಾತಿಯಲ್ಲಿ ಹೆಚ್ಚು ಹೆಸರು ಮಾಡಿದ್ದು: ತ್ಯುರೆನ್ ಮತ್ತು 'ಲ ಹಾಲಂದ್ವಾ' ಅನ್ನೋ ಇಬ್ಬರ ಜೋಡಿ ಪುಸ್ತಕ. ಲ ಹಾಲಂದ್ವಾ ಅಂದ್ರೆ 'ಹಾಲೆಂಡ್‌ನವನು', ಅವನ ನಿಜವಾದ ಹೆಸರು ಆದ್ರಿಯಾನ್ ರೆನಿಯೆ. ಇಬ್ಬರೂ ರಾಜನ ಬಂದೂಕು ತಯಾರಕರು. ಪುಸ್ತಕದ ಹೆಸರೇ ಉದ್ದ, ಅರ್ಥ ಇಷ್ಟು: ಬಂದೂಕು ಕೆಲಸದಲ್ಲಿ ಈಗ ಚಾಲ್ತಿಯಲ್ಲಿರೋ ಲೇಟೆಸ್ಟ್ ಮಾದರಿಗಳು. 'ಲೇಟೆಸ್ಟ್' ಅನ್ನೋ ಪದ ಟೈಟಲ್‌ನಲ್ಲೇ ಇದೆ, ಗಮನಿಸಿ. ಆ ಡಿಸೈನ್‌ಗಳನ್ನ ತಾಮ್ರದ ತಗಡಿನಲ್ಲಿ ಕೊರೆದವನು ಜಾಕಿನೆ ಅನ್ನೋ ಕೆತ್ತನೆಗಾರ. ಮಾರ್ಕೂ ಪುಸ್ತಕಕ್ಕೂ ಅವನದ್ದೇ ಕೈ.

ಒಂದು ಪುಟ ನಿಮ್ಮ ಮುಂದಿದೆ ಅಂದ್ಕೊಳ್ಳಿ. ಅಡ್ಡ ಕಾಗದ. ಮಧ್ಯದಲ್ಲಿ ಲಾಕ್ ಪ್ಲೇಟ್‌ನ ಆಕಾರ, ಅದರ ತುಂಬ ಎಲೆಬಳ್ಳಿ. ಮೇಲೆ ಟ್ರಿಗರ್‌ಗೆ ಕಟ್ಟೋ ಕಮಾನು. ಪಕ್ಕದಲ್ಲಿ, ಲಾಕ್‌ನ ಸ್ಕ್ರೂಗಳು ಆಚೆ ಬದಿಯಲ್ಲಿ ಬಂದು ಕೂರೋ ತಗಡು. ಅದನ್ನ ಜಾಲರಿ ಥರ ಕೊರೆದು ಎರಡು ಹಾವು ಒಂದಕ್ಕೊಂದು ಸುತ್ತಿಕೊಂಡ ಹಾಗೆ ಮಾಡಿರ್ತಾರೆ. ಎಲ್ಲ ಬಿಡಿಬಿಡಿಯಾಗಿ ತೇಲ್ತಿರ್ತವೆ. ಖಾಲಿ ಜಾಗ ಉಳಿದ್ರೆ ಅಲ್ಲೊಂದು ಬೇಟೆ ನಾಯಿ, ಇಲ್ಲೊಂದು ರಾಕ್ಷಸ ಮುಖ. ಕಾಗದ ದುಬಾರಿ, ತಾಮ್ರ ಅದಕ್ಕಿಂತ ದುಬಾರಿ. ಒಂದಿಂಚೂ ಬಿಟ್ಟಿಲ್ಲ. ಬೆಂಗಳೂರಿನ 20-30 ಸೈಟಿನಲ್ಲಿ ಮನೆ ಕಟ್ಟಿದ ಹಾಗೆ.

ಈ ಪುಟಗಳನ್ನ ನಾನು ಫೋನ್‌ನಲ್ಲೇ ನೋಡಿದ್ದು. ನ್ಯೂಯಾರ್ಕ್‌ನ ಅದೇ ಮ್ಯೂಸಿಯಂ 2017ರಿಂದ ಹಕ್ಕು ಮುಗಿದ ಕೃತಿಗಳ ಫೋಟೋಗಳನ್ನ ಯಾರು ಬೇಕಾದ್ರೂ ಫ್ರೀ ಆಗಿ ಬಳಸೋಕೆ ಬಿಟ್ಟಿದೆ. ಹೀಗೆ ಒಂದು ಪುಟವನ್ನ ಫೋನ್‌ನಲ್ಲಿ ದೊಡ್ಡದು ಮಾಡಿ ನಮ್ಮ ಏರಿಯಾದಲ್ಲಿ ಪಾತ್ರೆ ಮೇಲೆ ಹೆಸರು ಬರೆದು ಕೊಡೋ ಅಂಕಲ್‌ಗೆ ತೋರಿಸಿದೆ. ನಿಮಗೂ ಗೊತ್ತಿರುತ್ತೆ, ಸ್ಟೀಲ್ ಡಬ್ಬಿ ತಗೊಂಡ್ರೆ ಗುರ್ ಅನ್ನೋ ಮೆಷಿನ್ ಹಿಡಿದು ಹೆಸರು ಬರೀತಾರಲ್ಲ. ಅವರು ಮೊದಲು ಸುತ್ತಿಗೆ-ಉಳಿಯಲ್ಲಿ ಹಿತ್ತಾಳೆ ಕೆಲಸ ಮಾಡ್ತಿದ್ದೋರು. ಕನ್ನಡಕ ಏರಿಸಿ ಒಂದು ನಿಮಿಷ ನೋಡಿದ್ರು. "ಬಳ್ಳಿ ಕೊರಿಯೋದು ಕಷ್ಟ ಅಲ್ಲಪ್ಪ. ಬಳ್ಳಿ ಹಿಂದೆ ಇರೋ ಜಾಗನ ತೆಗೀಬೇಕಲ್ಲ, ಅದು ಕಷ್ಟ" ಅಂದ್ರು. ಆಮೇಲೆ ಕೇಳಿದ್ರು, "ಇದು ಯಾವುದರ ಮೇಲೆ? ಉಕ್ಕಾ? ಹಾಗಿದ್ರೆ ಇವ್ರು ಅದನ್ನ ಮೊದಲು ಮೆತ್ತಗೆ ಮಾಡ್ಕೊಂಡಿರ್ಬೇಕು."

ಅಂಕಲ್ ಹೇಳಿದ್ದು ನೂರಕ್ಕೆ ನೂರು ಸರಿ. ಬಿಡಿ ಭಾಗಗಳನ್ನೆಲ್ಲ ಅರದಿಂದ ಉಜ್ಜಿ, ಒಂದಕ್ಕೊಂದು ಕೂರೋ ಹಾಗೆ ಮಾಡಿ, ಲೋಹ ಇನ್ನೂ ಮೆತ್ತಗಿರುವಾಗಲೇ ಕೆತ್ತನೆಗಾರನಿಗೆ ಕೊಡ್ತಿದ್ರು. ಅವನ ಸಾಮಾನು ಬ್ಯೂರಿನ್ ಅನ್ನೋ ಸಣ್ಣ ಉಳಿ. ಅಂಗೈಗೆ ಒತ್ತಿಕೊಂಡು ಮುಂದಕ್ಕೆ ತಳ್ಳಿದ್ರೆ ಲೋಹದಿಂದ ಕೂದಲೆಳೆಯ ಹಾಗೆ ಸಿಪ್ಪೆ ಸುರುಳಿ ಏಳುತ್ತೆ. ಒತ್ತಿದಷ್ಟೂ ಗೆರೆ ದಪ್ಪ. ತಿರುವು ಬೇಕಾದ್ರೆ ಉಳಿಯನ್ನ ತಿರುಗಿಸೋಲ್ಲ, ಇನ್ನೊಂದು ಕೈಯಲ್ಲಿ ತಗಡನ್ನ ತಿರುಗಿಸ್ತಾರೆ. ಕೆತ್ತನೆ ಮುಗಿದ ಮೇಲೆ ಆ ಭಾಗವನ್ನ ಮೂಳೆ, ಚರ್ಮದ ಇದ್ದಿಲಿನ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿ ಕೆಂಪಗೆ ಕಾಯಿಸಿ, ಸರಕ್ಕನೆ ನೀರಿಗೆ ಹಾಕ್ತಿದ್ರು. ಮೇಲ್ಮೈ ಗಟ್ಟಿ ಆಗೋದು ಹಾಗೆ. ಆ ಕ್ಷಣದಲ್ಲಿ ತಗಡು ಸೊಟ್ಟ ಆದ್ರೆ, ಬಿರುಕು ಬಿಟ್ರೆ, ವಾರಗಟ್ಟಲೆ ಮಾಡಿದ ಕೆಲಸ ಹೋಯ್ತು. ಸೇವ್ ಬಟನ್ ಇಲ್ಲ.

ಇದೇ ಉಳಿ, ಇದೇ ಕೈಚಳಕ ತಾಮ್ರದ ತಗಡಿನ ಮೇಲೂ ನಡೆಯುತ್ತೆ. ತಾಮ್ರದಲ್ಲಿ ಕೊರೆದು, ಗೆರೆಗಳಿಗೆ ಶಾಯಿ ತುಂಬಿ, ಮೇಲಿನದ್ದು ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್‌ನಲ್ಲಿ ಒತ್ತಿದ್ರೆ ಪ್ರಿಂಟ್ ಬರುತ್ತೆ. ಅಂದ್ರೆ ಬಂದೂಕು ಕೆತ್ತೋನಿಗೂ ಪುಸ್ತಕದ ಚಿತ್ರ ಕೆತ್ತೋನಿಗೂ ಕಸುಬು ಹೆಚ್ಚೂ ಕಡಿಮೆ ಒಂದೇ. ಅಷ್ಟೇ ಅಲ್ಲ, ಕೆತ್ತಿದ ವಸ್ತುವಿಗೇ ನೇರವಾಗಿ ಶಾಯಿ ಹಚ್ಚಿ ಕಾಗದದ ಮೇಲೆ ಒಂದು ಗುರುತು ತೆಗೆದಿಟ್ಟುಕೊಳ್ಳೋ ಅಭ್ಯಾಸ ಅಕ್ಕಸಾಲಿಗರಲ್ಲೂ ಕೆತ್ತನೆಗಾರರಲ್ಲೂ ಇತ್ತು. ಮಾಲು ಗಿರಾಕಿ ಕೈಗೆ ಹೋಗಿಬಿಡುತ್ತೆ, ನಾನು ಏನು ಮಾಡಿದ್ದೆ ಅನ್ನೋಕೆ ಸಾಕ್ಷಿ ಬೇಕಲ್ಲ. ಹಾಗೆ ತೆಗೆದ ಅಚ್ಚಿನಲ್ಲಿ ಅಕ್ಷರ ಎಲ್ಲ ಉಲ್ಟಾ ಬರುತ್ತೆ, ಕನ್ನಡಿಯಲ್ಲಿ ನೋಡಿದ ಹಾಗೆ. ಇವತ್ತಿನ ಫ್ರೀಲ್ಯಾನ್ಸರ್‌ಗಳು ಪೋರ್ಟ್‌ಫೋಲಿಯೋಗೆ ಸ್ಕ್ರೀನ್‌ಶಾಟ್ ತೆಗೆದಿಡೋದು ಇದೇ ತಾನೆ.

ಈಗ ನನ್ನ ಮೊದಲಿನ ಪ್ರಶ್ನೆ: ಯಾಕೆ ಮಾರಿದ್ರು?

ನನಗೆ ಅನ್ನಿಸೋ ಉತ್ತರ ಹೀಗಿದೆ. ಆ ಬಂದೂಕಿನಲ್ಲಿ ದುಬಾರಿ ಆಗಿದ್ದು ಐಡಿಯಾ ಅಲ್ಲ, ಅದನ್ನ ಉಕ್ಕಿನಲ್ಲಿ ಇಳಿಸೋ ಕೈ. ಪುಸ್ತಕ ಕೊಂಡು ಬಂದ ದೂರದ ಊರಿನ ಮೇಸ್ತ್ರಿ ಗೆರೆ ನಕಲು ಮಾಡಬಹುದು. ಆದ್ರೆ ರಾಜನ ಅಂಗಡಿಯ ಕೆಲಸದ ಮುಂದೆ ಅದು ನಕಲಿನ ಹಾಗೇ ಕಾಣುತ್ತೆ. ಗಿರಾಕಿಗೂ ಅದು ಗೊತ್ತು. ಹಾಗಾಗಿ ಪುಸ್ತಕ ಎಷ್ಟು ಊರಿಗೆ ಹೋಗುತ್ತೋ ಅಷ್ಟು ಊರಲ್ಲಿ ತ್ಯುರೆನ್ ಹೆಸರು, ಲ ಹಾಲಂದ್ವಾ ಹೆಸರು, ಪ್ಯಾರಿಸ್ ಹೆಸರು. ಡ್ರಾಯಿಂಗ್‌ನಿಂದ ಬರೋ ಚಿಲ್ಲರೆ ಕಾಸು ಬೋನಸ್. ಇದನ್ನ ನಾವು ಇವತ್ತು ಕಂಟೆಂಟ್ ಮಾರ್ಕೆಟಿಂಗ್ ಅಂತೀವಿ.

ಕಾನೂನಿನ ರಕ್ಷಣೆಯೂ ಸ್ವಲ್ಪ ಇತ್ತು. ಆ ಕಾಲದ ಪ್ಯಾರಿಸ್ ಪ್ರಿಂಟ್‌ಗಳಲ್ಲಿ 'ರಾಜನ ಪ್ರಿವಿಲೇಜ್‌ನೊಂದಿಗೆ' ಅಂತ ಒಂದು ಸಾಲು ಕಾಣ್ಸುತ್ತೆ. ಇಷ್ಟು ವರ್ಷ ಬೇರೆ ಯಾರೂ ಇದನ್ನ ಅಚ್ಚು ಹಾಕೋ ಹಾಗಿಲ್ಲ ಅಂತ ರಾಜ ಕೊಡೋ ಪರವಾನಗಿ. ಆದ್ರೆ ಅದು ಫ್ರಾನ್ಸ್‌ನ ಗಡಿಯೊಳಗೆ ಮಾತ್ರ. ಗಡಿ ದಾಟಿದ್ರೆ ರಾಜನ ಮಾತು ನಡೆಯಲ್ಲ. ಫ್ರೆಂಚ್ ಡಿಸೈನ್‌ಗಳು ಹಾಲೆಂಡ್, ಜರ್ಮನಿ, ಇಟಲಿ, ಇಂಗ್ಲೆಂಡ್ ಎಲ್ಲ ಕಡೆ ನಕಲಾದವು. ಅದರಿಂದ ಪ್ಯಾರಿಸ್ ಏನೂ ಮುಳುಗಲಿಲ್ಲ. ಸುಮಾರು ನೂರೈವತ್ತು ವರ್ಷ ಯೂರೋಪಿನ ಬಂದೂಕಿನ ಫ್ಯಾಷನ್ ನಿರ್ಧರಿಸಿದ್ದೇ ಪ್ಯಾರಿಸ್.

ಪುಸ್ತಕಗಳಷ್ಟೇ ಅಲ್ಲ, ಕೈಗಳೂ ಗಡಿ ದಾಟಿದವು. 1685ರಲ್ಲಿ ಹದಿನಾಲ್ಕನೇ ಲೂಯಿ ಪ್ರಾಟೆಸ್ಟಂಟರಿಗಿದ್ದ ಧಾರ್ಮಿಕ ಸ್ವಾತಂತ್ರ್ಯದ ಆದೇಶವನ್ನೇ ರದ್ದು ಮಾಡಿದ. ಆ ಕಿರುಕುಳದ ವರ್ಷಗಳಲ್ಲಿ ಸಾವಿರಾರು ಕುಶಲಕರ್ಮಿಗಳು ದೇಶ ಬಿಟ್ರು. ಅವರಲ್ಲಿ ಪಿಯರ್ ಮೊಂಲೋಂ ಅನ್ನೋ ಬಂದೂಕು ಮೇಸ್ತ್ರಿ ಲಂಡನ್ ಸೇರಿದ. ಅವನು ಮಾಡಿದ ಒಂದು ಜೊತೆ ಪಿಸ್ತೂಲು ಈಗ ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್ ಮ್ಯೂಸಿಯಂನಲ್ಲಿದೆ. ಬೆಳ್ಳಿ, ಉಕ್ಕು, ಮರ ಎಲ್ಲದರ ಮೇಲೂ ಕೆಲಸ. ರಾಜ ತನ್ನ ಧರ್ಮ ಕಾಪಾಡ್ಕೊಳ್ಳೋಕೆ ಹೋಗಿ ಪ್ಯಾರಿಸ್‌ನ ಕೈಗಳನ್ನ ಶತ್ರು ದೇಶಕ್ಕೆ ಫ್ರೀ ಆಗಿ ಕಳಿಸಿಕೊಟ್ಟ. ಪುಸ್ತಕದ ನಕಲಿಗಿಂತ ದೊಡ್ಡ ನಷ್ಟ ಇದು ಅಂತ ನನ್ನ ಲೆಕ್ಕ.

ಇನ್ನು ಹೆಸರಿನ ವಿಷಯ. ಇದೇ ನನಗೆ ಹೆಚ್ಚು ಕಾಡಿದ್ದು. ಲಾಕ್ ಪ್ಲೇಟ್ ಮೇಲೆ ಒಂದು ಸಹಿ ಇರುತ್ತೆ. ಉದಾಹರಣೆಗೆ ಪಿರೋಬ್, ಲೂವ್ರ್ ಗ್ಯಾಲರಿ ಅಂತ. ಬೆರ್ತ್ರಾಂ ಪಿರೋಬ್ ಹದಿನಾಲ್ಕನೇ ಲೂಯಿಗೆ ಬಂದೂಕು ಮಾಡಿದವನು. ಲೂವ್ರ್ ಅಂದ್ರೆ ಇವತ್ತು ಮೋನಾಲಿಸಾ ಇರೋ ಅದೇ ಲೂವ್ರ್. ಆಗ ಅದು ಅರಮನೆ. 1608ರಲ್ಲಿ ನಾಲ್ಕನೇ ಹೆನ್ರಿ ಅದರ ಉದ್ದನೆಯ ಗ್ಯಾಲರಿಯ ಕೆಳಗೆ ಕಲಾವಿದರಿಗೆ, ಕುಶಲಕರ್ಮಿಗಳಿಗೆ ಮನೆ ಮತ್ತು ಕೆಲಸದ ಜಾಗ ಕೊಟ್ಟಿದ್ದ. ಊರಿನ ಗಿಲ್ಡ್‌ಗಳ ನಿಯಮ ಇವರಿಗೆ ಅನ್ವಯ ಇಲ್ಲ. ಒಂಥರಾ ಸ್ಪೆಷಲ್ ಎಕನಾಮಿಕ್ ಝೋನ್. ಹಾಗಾಗಿ ಆ ವಿಳಾಸವೇ ಒಂದು ಬ್ರಾಂಡ್, ಸಹಿಯ ಜೊತೆಗೆ ಅದನ್ನೂ ಕೆತ್ತಿಸ್ತಿದ್ರು.

ಆದ್ರೆ ಆ ಸಹಿ ಮೇಸ್ತ್ರಿಯದ್ದು, ಅಂಗಡಿಯ ಯಜಮಾನನದ್ದು. ನಳಿಗೆ ಮಾಡಿದವನು ಬೇರೆ, ಮರದ ಕೆಲಸದವನು ಬೇರೆ, ಬಳ್ಳಿ ಕೊರೆದವನು ಬೇರೆ. ಕೆತ್ತನೆಗಾರ ತನ್ನ ಕೈಯಾರೆ 'ಪಿರೋಬ್' ಅಂತ ಅಕ್ಷರ ಕೊರೀತಾನೆ, ಅವನ ಹೆಸರು ಮಾತ್ರ ಸಾಮಾನ್ಯವಾಗಿ ಎಲ್ಲೂ ಇರಲ್ಲ. ಪುಸ್ತಕದಲ್ಲಿ ಹಾಗಲ್ಲ. ಜಾಕಿನೆ ತಾಮ್ರದಲ್ಲಿ ಕೊರೆದ, ತನ್ನ ಹೆಸರು ಹಾಕ್ಕೊಂಡ, ಅದಕ್ಕೆ ಇವತ್ತು ನಾನು ಅವನ ಹೆಸರು ಹೇಳ್ತಿದ್ದೀನಿ. 1684ರಲ್ಲಿ ಕ್ಲೋಡ್ ಸಿಮೊನಾಂ ತಂದ ಪುಸ್ತಕದ ಟೈಟಲ್ ಇನ್ನೂ ಪ್ರಾಮಾಣಿಕ. ರಾಜನ ಬಂದೂಕು ತಯಾರಕ ಲೋರಾಂ ಲ ಲಾಂಗ್‌ದೋಕ್‌ನ ಕೆಲಸಗಳಿಂದ ತೆಗೆದದ್ದು ಇವು, ಉಳಿದ ಅಲಂಕಾರ ನಾನೇ ಕಲ್ಪಿಸಿ ಕೊರೆದದ್ದು ಅಂತ ಎರಡನ್ನೂ ಬೇರೆ ಮಾಡಿ ಬರೆದಿದ್ದಾನೆ. ಕ್ರೆಡಿಟ್ ಕೊಡೋದು, ಕ್ರೆಡಿಟ್ ತಗೊಳ್ಳೋದು ಎರಡೂ ಒಂದೇ ವಾಕ್ಯದಲ್ಲಿ. ನಮ್ಮ ರೀಲ್ಸ್ ಮಾಡೋರು ಇದನ್ನ ಫ್ರೇಮ್ ಹಾಕಿ ಇಟ್ಕೋಬೇಕು.

ಕೆಲವರಿಗಂತೂ ಈ ಕಸುಬು ಮೊದಲ ಮೆಟ್ಟಿಲು. ಜಾಂ ಬೆರಾಂ ಅನ್ನೋ ಹುಡುಗ 1640ರಲ್ಲಿ ಹುಟ್ಟಿದ್ದು, ಅಪ್ಪ ಬಂದೂಕು ಮೇಸ್ತ್ರಿ. 1659ರಲ್ಲಿ ಹತ್ತೊಂಬತ್ತರ ಆಸುಪಾಸಿನಲ್ಲಿ ಅವನ ಮೊದಲ ಡಿಸೈನ್ ಪುಸ್ತಕ ಬಂತು, ಬಂದೂಕು ಮಾಡೋರಿಗೆ ಅಂತ. ಹದಿನೈದು ವರ್ಷದಲ್ಲಿ ಅವನು ಹದಿನಾಲ್ಕನೇ ಲೂಯಿಯ ಅಧಿಕೃತ ಡಿಸೈನರ್. ಅರಮನೆಯ ಹಬ್ಬ, ಆಪೆರಾದ ವೇಷ, ರಂಗಸಜ್ಜಿಕೆ, ಶವಯಾತ್ರೆಯ ಅಲಂಕಾರ ಎಲ್ಲ ಅವನದ್ದೇ. ಆ ಕಾಲದ ಒಂದು ಶೈಲಿಗೇ ಅವನ ಹೆಸರಿದೆ.

ನನಗೆ ಇನ್ನೂ ಇಷ್ಟ ಆದವನು ಒಗುಸ್ತಾಂ ದ್ಯುಪ್ರೆ. ಊರು ಸಾಂತ್-ಎತಿಯೆನ್, ಫ್ರಾನ್ಸ್‌ನ ಬಂದೂಕು ಊರು. ಹುಟ್ಟಿದ್ದು 1748ರಲ್ಲಿ. ಆಯುಧ ಕಾರ್ಖಾನೆಯಲ್ಲಿ ಕೆತ್ತನೆ ಕಲಿತ. ಪ್ಯಾರಿಸ್‌ಗೆ ಹೋಗಿ ಪದಕ ಕೊರೆಯೋಕೆ ಶುರು ಮಾಡಿದ. ಬೆಂಜಮಿನ್ ಫ್ರಾಂಕ್ಲಿನ್‌ನ ಪರಿಚಯ ಆಯ್ತು, ಅಮೆರಿಕದ ಸ್ವಾತಂತ್ರ್ಯದ ನೆನಪಿಗೆ 1783ರ ಪ್ರಸಿದ್ಧ ಲಿಬರ್ಟಾಸ್ ಅಮೆರಿಕಾನಾ ಪದಕ ಅವನದ್ದೇ. ಕ್ರಾಂತಿ ಬಂದ ಮೇಲೆ 1791ರಲ್ಲಿ ಇಡೀ ಫ್ರಾನ್ಸ್‌ನ ನಾಣ್ಯಗಳಿಗೆ ಮುಖ್ಯ ಕೆತ್ತನೆಗಾರ ಆದ. ಐದು ಫ್ರಾಂಕ್ ನಾಣ್ಯದ ಮೇಲೆ ಅವನು ಕೊರೆದ ಹರ್ಕ್ಯುಲಿಸ್ ಚಿತ್ರವನ್ನ ಫ್ರಾನ್ಸ್ ಮತ್ತೆ ಮತ್ತೆ ಬಳಸಿತು, 1965ರ ಹತ್ತು ಫ್ರಾಂಕ್ ನಾಣ್ಯದಲ್ಲೂ ಅದೇ. ಬಂದೂಕಿನ ಮೇಲೆ ಬಳ್ಳಿ ಕೊರೆದು ಕಲಿತ ಕೈ ಕೋಟ್ಯಂತರ ಜನರ ಜೇಬಿನಲ್ಲಿ ಓಡಾಡ್ತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕಾಮೆಂಟ್‌ನಲ್ಲಿ ಯಾರೋ ಕೇಳೇ ಕೇಳ್ತೀರಿ, ಕೊಲ್ಲೋ ಸಾಮಾನಿಗೆ ಹೂವು ಯಾಕೆ, ಅದನ್ನ ನೀನು ಯಾಕೆ ಹೊಗಳ್ತೀಯ ಅಂತ. ನ್ಯಾಯವಾದ ಪ್ರಶ್ನೆ. ಇಂಥ ಬಂದೂಕುಗಳಲ್ಲಿ ತುಂಬಾನೇ ಇದ್ದದ್ದು ಬೇಟೆಗೆ, ಇಲ್ಲಾ ಉಡುಗೊರೆಗೆ. ಅದರಿಂದ ಅವು ಮುಗ್ಧ ಆಗಲ್ಲ. ಫ್ರಾನ್ಸ್‌ನಲ್ಲಿ ಬೇಟೆ ಅನ್ನೋದು ಶ್ರೀಮಂತ ಕುಲೀನರ ಹಕ್ಕು. ರೈತನ ಹೊಲಕ್ಕೆ ಜಿಂಕೆ, ಮೊಲ ನುಗ್ಗಿ ಮೇಯ್ದ್ರೂ ಅವನು ಹೊಡೆಯೋ ಹಾಗಿಲ್ಲ, ಅದು ದೊರೆಯ ಬೇಟೆ. ಕಾಡುಹಂದಿ ಕಾಟ ಕಂಡ ಮಲೆನಾಡಿನವರಿಗೆ ಆ ಸಿಟ್ಟು ನಾನು ವಿವರಿಸಬೇಕಾಗಿಲ್ಲ. 1789ರ ಆಗಸ್ಟ್‌ನಲ್ಲಿ ಕ್ರಾಂತಿಯ ಸಭೆ ಹಳೇ ಸವಲತ್ತುಗಳನ್ನ ರದ್ದು ಮಾಡಿದಾಗ ಪಟ್ಟಿಯಲ್ಲಿ ಈ ಬೇಟೆಯ ಹಕ್ಕೂ ಇತ್ತು. ಹಾಗಾಗಿ ಲಾಕ್ ಪ್ಲೇಟ್ ಮೇಲೆ ಓಡ್ತಿರೋ ಆ ಮುದ್ದಾದ ನಾಯಿ, ಅದರ ಮುಂದೆ ಓಡೋ ಜಿಂಕೆ, ಬರೀ ಅಲಂಕಾರ ಅಲ್ಲ. 'ನಾನು ಬೇಟೆ ಆಡಬಹುದು, ನೀನು ಆಡೋ ಹಾಗಿಲ್ಲ' ಅನ್ನೋ ಬೋರ್ಡ್. ನಾನು ಕೆಲಸವನ್ನ ಮೆಚ್ತೀನಿ, ಬೋರ್ಡನ್ನ ಅಲ್ಲ. ಎರಡನ್ನೂ ಬೇರೆ ಮಾಡೋಕೆ ಆಗಲ್ಲ ಅನ್ನೋರು ಇದ್ರೆ, ಅವರ ಮಾತಲ್ಲೂ ಅರ್ಥ ಇದೆ.

ಕ್ರಾಂತಿ ಆದ ಮೇಲೆ ಈ ಚಿತ್ತಾರ ನಿಂತೇ ಹೋಯ್ತು ಅಂದ್ಕೊಂಡ್ರೆ ಇಲ್ಲ. ನಿಕೊಲಾ-ನೊಯೆಲ್ ಬೂತೆ ಅನ್ನೋನು ರಾಜನ ಬಂದೂಕು ತಯಾರಕನಾಗಿದ್ದವನು, ಕ್ರಾಂತಿಯ ಸರ್ಕಾರ ವರ್ಸೇಲ್ಸ್‌ನಲ್ಲಿ ಆಯುಧ ಕಾರ್ಖಾನೆ ತೆರೆದಾಗ ಅದರ ಮುಖ್ಯಸ್ಥನಾದ. ಅವನ ಹುದ್ದೆಯ ಹೆಸರು 'ಡೈರೆಕ್ಟರ್-ಆರ್ಟಿಸ್ಟ್'. ಲಿಂಕ್ಡ್‌ಇನ್‌ನಲ್ಲಿ ಹಾಕಿದ್ರೆ ಯಾರೂ ನಂಬಲ್ಲ. ಸೈನಿಕರಿಗೆ ಮಾಮೂಲಿ ಬಂದೂಕು ಒಂದು ಕಡೆ, ದಂಡನಾಯಕರಿಗೆ ಗೌರವದ ಆಯುಧ ಇನ್ನೊಂದು ಕಡೆ. ನೀಲಿ ಬಣ್ಣ ಬರೋ ಹಾಗೆ ಕಾಯಿಸಿದ ನಳಿಗೆ, ಅದರ ಮೇಲೆ ಚಿನ್ನದ ಚಿತ್ತಾರ, ಸಿಂಹದ ಮುಖ, ಸ್ಫಿಂಕ್ಸ್. ಹಳೇ ಸುರುಳಿ ಬಳ್ಳಿ ಹೋಗಿ ರೋಮ್, ಈಜಿಪ್ಟ್ ಬಂತು, ಯಾಕಂದ್ರೆ ನೆಪೋಲಿಯನ್ ಈಜಿಪ್ಟ್‌ಗೆ ಹೋಗಿ ಬಂದಿದ್ದ. ದೊರೆ ಬದಲಾದ, ಕೆತ್ತೋ ಕೈ ಅದೇ. 1815ರಲ್ಲಿ ನೆಪೋಲಿಯನ್ ಸೋತಾಗ ಪ್ರಷ್ಯಾದ ಸೈನ್ಯ ಬಂದು ಆ ಕಾರ್ಖಾನೆಯನ್ನ ಲೂಟಿ ಮಾಡ್ತು.

ಲೂಟಿ ಅಂದ ತಕ್ಷಣ ನಮ್ಮೂರು ನೆನಪಾಗ್ಬೇಕು. 1788ರಲ್ಲಿ ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು ಫ್ರಾನ್ಸ್‌ಗೆ ಹೋಗಿ ಇಳಿದ್ರು, ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೇ ಲೂಯಿಯನ್ನ ಭೇಟಿ ಆದ್ರು. ಬ್ರಿಟಿಷರ ವಿರುದ್ಧ ಸೈನ್ಯದ ಸಹಾಯ ಕೇಳೋದು ಮುಖ್ಯ ಉದ್ದೇಶ, ಅದು ಸಿಗಲಿಲ್ಲ. ಜೊತೆಗೆ ಟಿಪ್ಪು ಇನ್ನೊಂದು ಪಟ್ಟಿ ಕಳಿಸಿದ್ದ: ಕುಶಲಕರ್ಮಿಗಳು ಬೇಕು. ಆಯುಧ ಮಾಡೋರು, ಗಡಿಯಾರ, ಗಾಜು, ಪಿಂಗಾಣಿ ಕೆಲಸದೋರು. ಪುಸ್ತಕ ಕೇಳಲಿಲ್ಲ, ಕೈ ಕೇಳಿದ. ಈ ಮನುಷ್ಯನಿಗೆ ವ್ಯಾಪಾರ ಗೊತ್ತಿತ್ತು ಅಂತ ನನಗೆ ಅನ್ನಿಸಿದ್ದು ಇಲ್ಲಿ.

ಶ್ರೀರಂಗಪಟ್ಟಣದಲ್ಲಿ ತಯಾರಾದ ಫ್ಲಿಂಟ್‌ಲಾಕ್ ಬಂದೂಕುಗಳನ್ನ ನೋಡಿದ್ರೆ ಒಳಗಿನ ಯಂತ್ರ ಯೂರೋಪಿನ ಮಾದರಿ. ಹೊರಗಿನ ಚಿತ್ತಾರ ಮಾತ್ರ ಪೂರಾ ನಮ್ಮದು. ಅಲ್ಲಿ ಡಯಾನಾ ದೇವತೆ ಇಲ್ಲ, ಬೇಟೆ ನಾಯಿ ಇಲ್ಲ. ಹುಲಿ ಮುಖ, ಹುಲಿ ಪಟ್ಟೆ, ನಳಿಗೆ ಮೇಲೆ ಚಿನ್ನದಲ್ಲಿ ಪರ್ಷಿಯನ್ ಅಕ್ಷರ. ಕೆಲವದರ ಮೇಲೆ ಮಾಡಿದ ಊರು, ವರ್ಷ, ಮಾಡಿದವನ ಹೆಸರೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಹಡಗು ಹತ್ತಿ ಹೋದವು, ಇವತ್ತು ಹೆಚ್ಚಿನವು ಇಂಗ್ಲೆಂಡಿನ ಸಂಗ್ರಹಗಳಲ್ಲಿ. ನಮ್ಮ ಮೇಸ್ತ್ರಿಗಳ ಹೆಸರು ಓದೋಕೆ ನಾವು ಅಲ್ಲಿನ ವೆಬ್‌ಸೈಟ್ ತೆರೀಬೇಕು.

ಸರಿ, ಗೆಳತಿಗೆ ಇದನ್ನೆಲ್ಲ ಹೇಳಿದೆ. ಅವಳು ಅರ್ಧಕ್ಕೇ ತಡೆದಳು. "ಚೆನ್ನಾಗಿದೆ ಕಣೋ, ಆದ್ರೆ ಅವ್ರಿಗೆ ಉಕ್ಕು ಕೊರಿಯೋ ಕೈ ಇತ್ತು, ಅದನ್ನ ಯಾರೂ ಕದಿಯೋಕೆ ಆಗ್ತಿರ್ಲಿಲ್ಲ. ನಂದು ಲೇಸರ್ ಮೆಷಿನ್. ಫೈಲ್ ಸಿಕ್ರೆ ಯಾರ ಮೆಷಿನ್ ಆದ್ರೂ ಅದೇ ಕಟ್ ಮಾಡುತ್ತೆ" ಅಂದಳು. ಇದಕ್ಕೆ ನನ್ನ ಹತ್ರ ಜಾಣತನದ ಉತ್ತರ ಇರಲಿಲ್ಲ. ಅವಳು ಹೇಳಿದ್ದು ನಿಜ. ಪ್ಯಾರಿಸ್‌ನವರ ಧೈರ್ಯ ನಿಂತಿದ್ದು ನಕಲು ಕಷ್ಟ ಅನ್ನೋದರ ಮೇಲೆ, ಈಗ ಆ ನೆಲವೇ ಇಲ್ಲ.

ಉತ್ತರ ಇಲ್ಲದಿದ್ರೂ ಒಂದು ಮಾಹಿತಿ ಕೊಟ್ಟೆ, ನಿಮಗೂ ಹೇಳ್ತೀನಿ, ಸಣ್ಣ ಬಿಸಿನೆಸ್ ಇರೋರು ಬರ್ಕೊಳ್ಳಿ. ನಮ್ಮಲ್ಲಿ ಡಿಸೈನ್ಸ್ ಆ್ಯಕ್ಟ್, 2000 ಅಂತ ಇದೆ. ಒಂದು ವಸ್ತುವಿನ ಆಕಾರ, ಚಿತ್ತಾರವನ್ನ ರಿಜಿಸ್ಟರ್ ಮಾಡಿಸಿದ್ರೆ ಹತ್ತು ವರ್ಷ ರಕ್ಷಣೆ, ಇನ್ನೂ ಐದು ವರ್ಷಕ್ಕೆ ವಿಸ್ತರಿಸಬಹುದು. ಆದ್ರೆ ಡಿಸೈನ್ ಹೊಸದಾಗಿರಬೇಕು, ಅಂದ್ರೆ ಇನ್‌ಸ್ಟಾಗ್ರಾಂಗೆ ಹಾಕೋ ಮೊದಲೇ ಅರ್ಜಿ ಹಾಕಬೇಕು. ಇನ್ನೊಂದು ಕಡೆ ಕಾಪಿರೈಟ್ ಆ್ಯಕ್ಟ್, 1957ರ 15ನೇ ಸೆಕ್ಷನ್ ಇದೆ. ಹೀಗೆ ರಿಜಿಸ್ಟರ್ ಮಾಡಿಸಬಹುದಾಗಿದ್ದ ಡಿಸೈನನ್ನ ಮಾಡಿಸದೆ, ಅದೇ ವಸ್ತುವನ್ನ ಕಾರ್ಖಾನೆ ರೀತಿಯಲ್ಲಿ ಐವತ್ತಕ್ಕಿಂತ ಹೆಚ್ಚು ಸಲ ತಯಾರಿಸಿದ್ರೆ, ಆ ಡಿಸೈನ್ ಮೇಲಿನ ಕಾಪಿರೈಟ್ ಕೂಡ ಮುಗಿದು ಹೋಗುತ್ತೆ. ಐವತ್ತೊಂದನೇ ಜೊತೆ ಕಿವಿಯೋಲೆ ಮಾರಿದ ದಿನ ಅವಳಿಗೆ ಇದು ಗೊತ್ತಿರ್ಲಿಲ್ಲ. ಹೇಳೋರೂ ಇರ್ಲಿಲ್ಲ.

ಅವಳು ಈಗ ಮೂರು ಹೊಸ ಡಿಸೈನ್‌ಗೆ ಅರ್ಜಿಯ ಪೇಪರ್ ರೆಡಿ ಮಾಡ್ತಿದ್ದಾಳೆ. ಅದು ಸಿಗೋವರೆಗೂ ಪೋಸ್ಟ್ ಇಲ್ಲ. ಅದರ ಜೊತೆಗೆ ಆ ಪಾತ್ರೆ ಅಂಕಲ್ ಹತ್ರ ವಾರಕ್ಕೆ ಎರಡು ಸಂಜೆ ಹೋಗಿ ಉಳಿ ಹಿಡಿಯೋದು ಕಲೀತಿದ್ದಾಳೆ. ಮೊದಲ ದಿನವೇ ಹೆಬ್ಬೆರಳು ಕುಯ್ಕೊಂಡಳು. ಅಂಕಲ್ ಅರಿಶಿನ ಹಚ್ಚಿ, "ತಗಡು ತಿರುಗ್ಸಮ್ಮ, ಉಳಿ ತಿರುಗಿಸ್ಬೇಡ" ಅಂದ್ರಂತೆ.

ಮುಂದಿನ ವಾರ ಬೇರೆ ವಿಷಯ.